ನಂಬಿಕೆ ಹೇಳಿಕೊಳ್ಳಲು ನೋಟಿಸ್ ಬೋರ್ಡ್ ಯಾಕೆ?

ಚರ್ಚಿನಲ್ಲಿ ಸಭೆಯ ಮುಂದೆ ನಿಂತು 'ನಾನು ಯೇಸುವನ್ನು ನಂಬಿದ್ದೇನೆ' ಎಂದು ಹೇಳಲು ಒಂದು ನಿಮಿಷ ಸಾಕು. ಅದೇ ಮಾತನ್ನು ಸರಕಾರಿ ಕಾಗದದಲ್ಲಿ ಬರೆಯಲು ನಮ್ಮ ಹಳ್ಳಿಗಳಲ್ಲಿ ಹಲವರಿಗೆ ಜೀವಮಾನವೇ ಸಾಲದು. ಯಾಕೆ?

2022ರ ಕರ್ನಾಟಕದ ಮತಾಂತರ ತಡೆ ಕಾಯ್ದೆ ನೋಡಿ. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು. ಅದನ್ನು ಡಿ.ಸಿ. ಆಫೀಸು, ತಾಲ್ಲೂಕು ಆಫೀಸಿನ ನೋಟಿಸ್ ಬೋರ್ಡಿಗೆ ಹಾಕಿ ತಕರಾರು ಕರೆಯಬೇಕು. ಜಮೀನಿನ ಖಾತೆ ಬದಲಾವಣೆಗೆ ತಕರಾರು ಕರೆದರೆ ಸರಿ, ಅಲ್ಲಿ ಇನ್ನೊಬ್ಬರ ಪಾಲು ಇರಬಹುದು. ಒಬ್ಬರ ಎದೆಯೊಳಗಿನ ದೇವರಲ್ಲಿ ಊರವರಿಗೆ ಯಾವ ಪಾಲು? 2023ರ ಜೂನ್‌ನಲ್ಲಿ ರಾಜ್ಯ ಸಂಪುಟವೇ ಈ ಕಾಯ್ದೆ ಬೇಡವೆಂದು ತೀರ್ಮಾನಿಸಿತು. ಆದರೆ ಊರಿನ ಬಾಯಿಗೆ ರದ್ದತಿ ಇಲ್ಲವಲ್ಲ.

ದಲಿತರಿಗೆ ಇನ್ನೂ ದೊಡ್ಡ ತೊಡಕಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಎಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ಬಾಯಿಬಿಟ್ಟು ಹೇಳಿಕೊಂಡರೆ ಮೀಸಲಾತಿಯೂ ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ.

'ಚರ್ಚಿಗೂ ಹೋಗಬೇಕು, ಮೀಸಲಾತಿಯೂ ಬೇಕು ಅಂದರೆ ಹೇಗೆ?' ಎಂದು ನೀವು ಕೇಳಬಹುದು. ದೀಕ್ಷಾಸ್ನಾನ ಪಡೆದೂ ಹಿಂದೂ ಎಂದು ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ಕೇಳಿದ ಪುದುಚೇರಿಯ ಮಹಿಳೆಯೊಬ್ಬರಿಗೆ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಲ್ಲ ಎಂದಿತು. ಕಾನೂನು ಇರುವುದೇ ಹಾಗೆ. ನಮ್ಮ ತಕರಾರು ಆ ಕಾನೂನಿನ ಮೇಲೆ. ದೀಕ್ಷಾಸ್ನಾನದ ನೀರಿಗೆ ಕೇರಿಯ ವಿಳಾಸ ತೊಳೆದುಹೋಗುವುದಿಲ್ಲ. ಚರ್ಚಿನೊಳಗೂ ಜಾತಿ ಸತ್ತಿಲ್ಲ. ಧರ್ಮದ ಈ ನಿರ್ಬಂಧ ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು.

ಆಮಿಷ, ಬೆದರಿಕೆ ಇದ್ದರೆ ಕೇಸು ಹಾಕಲಿ, ನಾವು ಬೇಡ ಅನ್ನುವುದಿಲ್ಲ. ಆದರೆ ತಾನೇ ಯೋಚಿಸಿ 'ಇದು ನನ್ನ ನಂಬಿಕೆ' ಎನ್ನುವವರಿಗೆ ಸಂವಿಧಾನದ 25ನೇ ವಿಧಿಯ ಬಲವಿದೆ. ನಿಮ್ಮ ಓಣಿಯಲ್ಲಿ ಯಾರಾದರೂ ಹಾಗೆ ಹೇಳಿಕೊಂಡರೆ 'ಎಷ್ಟು ದುಡ್ಡು ಕೊಟ್ಟರು?' ಎಂದು ಕೇಳಬೇಡಿ. ಹನುಮಪ್ಪನ ಗುಡಿಗೆ ಹೋಗುವಾಗ ನಿಮ್ಮನ್ನು ಯಾರೂ ಹಾಗೆ ಕೇಳುವುದಿಲ್ಲ.