ರಿಯಾಯಿತಿ ಸಂಬಳವಲ್ಲ

ಕಳೆದ ವಾರ ಕುಂಬಳೆ ಕಡೆಯ ತಾಯಿಯೊಬ್ಬರು ಮಗನೊಡನೆ ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲಿ ಇಂಗ್ಲಿಷಿನ ಎರಡು ಪುಟಗಳ ಕಾಗದ. ಪ್ರವಾಸಿಗರನ್ನು ಕಡಲೊಳಗೆ ಇಳಿಸಿ ಹವಳ, ಮೀನು ತೋರಿಸುವ ಸಂಸ್ಥೆಯೊಂದು ಹುಡುಗನನ್ನು ಕೆಲಸಕ್ಕೆ ಕರೆದಿತ್ತು. ಓದಿ ಹೇಳಬೇಕೆಂದರು, ಓದಿ ಹೇಳಿದೆವು. ಊಟ, ವಸತಿ ಉಚಿತ. ತರಬೇತಿಗೆ ಶುಲ್ಕವಿಲ್ಲ. ಮುಳುಗುವ ಸಾಮಾನುಗಳಿಗೆ ಅರ್ಧ ಬೆಲೆ. ಬಿಡುವಿನ ದಿನ ಖರ್ಚಿಲ್ಲದೆ ಮುಳುಗಬಹುದು. ಮುಂದೆ ಶಿಕ್ಷಕನಾದರೆ ಬೇರೆಯವರ ದೋಣಿಗಳಲ್ಲೂ ವೃತ್ತಿಯವರಿಗೆಂದು ದರದಲ್ಲಿ ಕಡಿತ. ಎಲ್ಲವನ್ನೂ ಕೇಳಿದ ಆ ತಾಯಿ, "ಸಂಬಳ ಎಷ್ಟು ಅಂತ ಉಂಟು ಇದರಲ್ಲಿ?" ಎಂದರು. ನಾವು ಕಾಗದವನ್ನು ಮತ್ತೊಮ್ಮೆ ತಿರುಗಿಸಿ ನೋಡಿದೆವು. ಇರಲಿಲ್ಲ.

ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನಡಿ ಉಸಿರಾಡುವ ಸ್ಕೂಬಾ ವಿದ್ಯೆ ಈಗ ನಮ್ಮ ಕರಾವಳಿಗೆ ಹೊಸತಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಬಿಟ್ಟರೆ ಉಳಿದ ತಿಂಗಳುಗಳಲ್ಲಿ ಬೆಂಗಳೂರಿನವರ ದಂಡೇ ಬರುತ್ತದೆ. ಲಕ್ಷದ್ವೀಪ, ಅಂಡಮಾನುಗಳಲ್ಲಿಯೂ ಇದೇ ಉದ್ಯೋಗ ಬೆಳೆದಿದೆ. ಉಸಿರು ಬಿಗಿಹಿಡಿದು ಬಂಡೆಗಳಿಂದ ಪಚ್ಚಿಲೆ ಕಿತ್ತು ತರುವವರ ನಾಡಿದು. ನೀರಿಗೆ ಹೆದರದ, ಮಲಯಾಳ, ಕನ್ನಡ, ತುಳು ಮೂರನ್ನೂ ಆಡಬಲ್ಲ ನಮ್ಮ ಹುಡುಗರು ಇಂಥ ಕಡೆ ಬೇಕಾದವರೇ. ಬೆಂಗಳೂರಿನ ಗೃಹಿಣಿಯೊಬ್ಬಳು ಮೊದಲ ಸಲ ಕಡಲಿಗಿಳಿಯುವಾಗ ಕೈಸನ್ನೆಯ ಅರ್ಥವನ್ನು ಕನ್ನಡದಲ್ಲಿ ತಿಳಿಸಿ ಧೈರ್ಯ ಹೇಳುವವನಿಗೆ ಬೆಲೆ ಇಲ್ಲವೆ? ಆದುದರಿಂದ ಹುಡುಗರು ಹೋಗಬಾರದೆಂದು ನಾವು ಹೇಳುತ್ತಿಲ್ಲ. ಏನನ್ನು ನಂಬಿ ಹೋಗುತ್ತಾರೆ ಎಂಬುದಷ್ಟೆ ನಮ್ಮ ಪ್ರಶ್ನೆ.

ಈ ರಿಯಾಯಿತಿ, ಅಂಗಡಿಯವರ ಮಾತಿನಲ್ಲಿ ಸೋಡಿ, ಎಲ್ಲಿಂದ ಬಂತೆಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಜಗತ್ತಿನಾದ್ಯಂತ ಮುಳುಗು ಶಿಕ್ಷಣದ ಪ್ರಮಾಣಪತ್ರ ಕೊಡುವ ಪಾಡಿ ಎಂಬ ಸಂಸ್ಥೆಯನ್ನು 1966ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದವರು ಇಬ್ಬರು. ಜಾನ್ ಕ್ರೋನಿನ್ ಮುಳುಗು ಸಾಮಾನಿನ ಕಂಪೆನಿಯ ಮಾರಾಟಗಾರ. ರಾಲ್ಫ್ ಎರಿಕ್ಸನ್ ಈಜು ಕಲಿಸುವವರು. ಕಲಿಸುವುದು ಮತ್ತು ಮಾರುವುದು ಆಗಿನಿಂದಲೂ ಜೋಡಿಯಾಗಿಯೇ ಇವೆ. ಗುರು ಹಾಕಿಕೊಂಡ ಉಡುಪು, ಗುರು ಕಚ್ಚಿಕೊಂಡ ಉಸಿರುಗೊಳವೆ ಯಾವ ಕಂಪೆನಿಯದೋ ಶಿಷ್ಯನೂ ಅದನ್ನೇ ಕೊಳ್ಳುತ್ತಾನೆ. ಇದನ್ನು ಬಲ್ಲ ಕಂಪೆನಿಗಳು ಶಿಕ್ಷಕರಿಗೂ ಮಾರ್ಗದರ್ಶಿಗಳಿಗೂ ಕಡಿಮೆ ದರದಲ್ಲಿ ಸಾಮಾನು ಕೊಡುತ್ತವೆ. ಸದಸ್ಯತ್ವ ಚಾಲ್ತಿಯಲ್ಲಿರುವ ದಾಖಲೆ ಕೇಳುತ್ತವೆ, ಮರುಮಾರಾಟ ಕೂಡದೆನ್ನುತ್ತವೆ. ಇದರಲ್ಲಿ ಮೋಸವೇನಿಲ್ಲ. ವ್ಯಾಪಾರ ಅಷ್ಟೆ. ಹತ್ತಾರು ಮಂದಿಯನ್ನು ಕರೆತಂದ ಶಿಕ್ಷಕನಿಗೆ ದೋಣಿಯಲ್ಲಿ ಬಿಟ್ಟಿ ಜಾಗ ಸಿಗುವುದೂ ಹಾಗೆಯೇ. ಅವನ ಪಾಲಿನ ಹಣ ಆ ಹತ್ತಾರು ಮಂದಿಯ ಟಿಕೇಟಿನಲ್ಲಿಯೇ ಅಡಗಿರುತ್ತದೆ.

ಸ್ವಂತ ಸಾಮಾನು ಅಗ್ಗಕ್ಕೆ ಸಿಗುವುದು ಒಳ್ಳೆಯದೇ. ದಿನವೂ ಉಪ್ಪುನೀರಲ್ಲಿ ನೆನೆಯುವ ಉಡುಪು ಬೇಗ ಹರಿಯುತ್ತದೆ, ಉಸಿರಾಟದ ಉಪಕರಣವನ್ನು ಕಾಲಕಾಲಕ್ಕೆ ಬಿಚ್ಚಿ ದುರಸ್ತಿ ಮಾಡಿಸಬೇಕು. ಮೈಗೆ ಒಪ್ಪುವ, ಕೈಗೆ ಪಳಗಿದ ಸಾಮಾನಿದ್ದರೆ ಅಪಾಯವೂ ಕಡಿಮೆ. ಆದರೆ ಒಂದು ಮಾತು. ಹತ್ತು ಸಾವಿರದ ವಸ್ತುವನ್ನು ಐದು ಸಾವಿರಕ್ಕೆ ಕೊಂಡವನಿಗೆ ಐದು ಸಾವಿರ ಉಳಿಯಿತೆಂದು ಕಾಗದ ಬರೆದವರು ಲೆಕ್ಕ ಹಾಕುತ್ತಾರೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಅದು ಐದು ಸಾವಿರದ ಖರ್ಚು. ಯಜಮಾನನ ಕೆಲಸಕ್ಕೆ ಬೇಕಾದ ಹತ್ಯಾರನ್ನು ಆಳು ತನ್ನ ದುಡ್ಡಿನಲ್ಲಿ ಕೊಳ್ಳುವುದನ್ನು ಸವಲತ್ತು ಎಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ. ಇದಲ್ಲದೆ ಶಿಕ್ಷಕನಾಗಿ ಮುಂದುವರಿಯಲು ವರ್ಷವರ್ಷವೂ ಸದಸ್ಯತ್ವದ ಹಣ ಕಟ್ಟಬೇಕು. ಅದು ತಪ್ಪಿದರೆ ಸೋಡಿಯೂ ತಪ್ಪಿತು.

ತರಬೇತಿಗೆ ಬದಲಾಗಿ ದುಡಿಮೆ ಎಂಬ ಏರ್ಪಾಡನ್ನು ಪೂರ್ತಿ ತಳ್ಳಿಹಾಕಲಾರೆವು. ಪಾಡಿಯ ನಿಯಮದಂತೆ ಮಾರ್ಗದರ್ಶಿಯ ಮೊದಲ ಮೆಟ್ಟಿಲಾದ ಡೈವ್‌ಮಾಸ್ಟರ್ ತರಬೇತಿಗೆ 18 ವರ್ಷ ತುಂಬಿರಬೇಕು, 40 ಸಲ ಮುಳುಗಿರಬೇಕು. ಮುಗಿಸುವಾಗ ಅದು 60 ಆಗಬೇಕು. ಶಿಕ್ಷಕ ಪರೀಕ್ಷೆಗೆ 100. ಪ್ರವಾಸಿಯಂತೆ ಹಣ ತೆತ್ತು ಇಷ್ಟು ಸಲ ಮುಳುಗಲು ನಮ್ಮಲ್ಲಿ ಎಷ್ಟು ಮನೆಗಳಿಗೆ ಸಾಧ್ಯ? ಆದರೆ ಮೂರು ತಿಂಗಳ ಕಲಿಕೆ ಇಡೀ ಋತುವಿನ ಬಿಟ್ಟಿ ದುಡಿಮೆಯಾಗಬಾರದು. ಆ ಹುಡುಗನ ಕಾಗದದಲ್ಲಿ ಕೊನೆಯ ದಿನಾಂಕವೇ ಇರಲಿಲ್ಲ. ಸಿಲಿಂಡರು ಹೊರುವುದು, ದೋಣಿ ತೊಳೆಯುವುದು ಮಾತ್ರ ವಿವರವಾಗಿತ್ತು.

ಎಲ್ಲಕ್ಕಿಂತ ನಮ್ಮನ್ನು ಕಾಡಿದ್ದು ದೇಹದ ವಿಚಾರ. ನೀರಿನಲ್ಲಿ ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ನೆಲದ ಮೇಲಿನದರ ಎರಡರಷ್ಟು, ಇಪ್ಪತ್ತಕ್ಕೆ ಮೂರರಷ್ಟು. ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕ, ಅವಸರದಿಂದ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯಾಗುತ್ತದೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಪ್ರವಾಸಿ ಒಮ್ಮೆ ಮುಳುಗಿ ಮನೆಗೆ ಹೋಗುತ್ತಾನೆ. ಅವನ ಕೈ ಹಿಡಿದವನು ಅದೇ ದಿನ ಇನ್ನೊಬ್ಬನ, ಮತ್ತೊಬ್ಬನ ಕೈ ಹಿಡಿದು ಮತ್ತೆ ಇಳಿಯುತ್ತಾನೆ. ಹೆದರಿದ ಹೊಸಬ ಥಟ್ಟನೆ ಮೇಲಕ್ಕೆ ಜಿಗಿದರೆ ಇವನೂ ಬೆನ್ನಟ್ಟಬೇಕು. ಚಿಕಿತ್ಸೆಗೆ ಬೇಕಾದ ಒತ್ತಡದ ಕೋಣೆ ನೌಕಾಪಡೆಯ ಆಸ್ಪತ್ರೆಗಳಲ್ಲಿ, ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಉಂಟು. ಕಡಲದಂಡೆಯ ಸಣ್ಣ ಊರಿನಲ್ಲಿ ಎಲ್ಲಿ? ಅನೇಕ ಸಾಮಾನ್ಯ ವಿಮೆಗಳು ಇಂಥ ಸಾಹಸವನ್ನು ಹೊರಗಿಡುತ್ತವೆ. ಮುಳುಗುಗಾರರಿಗೆಂದೇ ಪ್ರತ್ಯೇಕ ವಿಮೆಗಳಿವೆ. ಅದರ ಕಂತನ್ನು ಯಾರು ಕಟ್ಟುವರು? ಕಾಗದದಲ್ಲಿ ಅರ್ಧ ಬೆಲೆಯ ಈಜುರೆಕ್ಕೆಗೆ ಜಾಗವಿತ್ತು, ವಿಮೆಗೆ ಇರಲಿಲ್ಲ.

ನಮ್ಮ ಹಿರಿಯರಲ್ಲಿ ಹಲವರಿಗೆ ನೆನಪಿದೆ, ಒಂದು ಕಾಲದಲ್ಲಿ ಇಲ್ಲಿ ಗದ್ದೆಯಾಳಿನ ಕೂಲಿಯನ್ನು ಅಕ್ಕಿಯಲ್ಲಿ, ಭತ್ತದಲ್ಲಿ ಅಳೆದು ತೀರಿಸುತ್ತಿದ್ದರು. ಅಳೆಯುವ ಸೇರು ಧಣಿಯದು, ಬೆಲೆ ಕಟ್ಟುವವನೂ ಧಣಿಯೇ. 1936ರ ವೇತನ ಪಾವತಿ ಕಾಯಿದೆ ತನಗೆ ಒಳಪಟ್ಟವರಿಗೆ ವೇತನವನ್ನು ಹಣದಲ್ಲಿಯೇ ಕೊಡಬೇಕೆಂದಿತು. ಹಳೆಯ ಕಾಯಿದೆಗಳನ್ನು ಒಟ್ಟುಗೂಡಿಸಿದ 2019ರ ವೇತನ ಸಂಹಿತೆಯೂ ನಾಣ್ಯ, ನೋಟು, ಚೆಕ್ಕು ಇಲ್ಲವೆ ಬ್ಯಾಂಕು ಖಾತೆ ಎಂದೇ ಹೇಳುತ್ತದೆ. ಸೋಡಿ ಎಂಬ ಮಾತು ಅಲ್ಲಿಲ್ಲ. ಅಷ್ಟಕ್ಕೂ ಸೋಡಿಯನ್ನು ಊರಿಗೆ ಮನಿಯಾರ್ಡರು ಮಾಡಲು ಬರುವುದಿಲ್ಲವಷ್ಟೆ.

ಆ ತಾಯಿಯ ಕೋರಿಕೆಯಂತೆ ನಾವೇ ಹುಡುಗನ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದುಕೊಟ್ಟೆವು. ತಿಂಗಳಿಗೆ ಸಂಬಳ ಎಷ್ಟು, ತರಬೇತಿ ಮುಗಿಯುವ ದಿನ ಯಾವುದು, ದಿನಕ್ಕೆ ಎಷ್ಟು ಸಲ ಮುಳುಗಿಸುತ್ತೀರಿ, ವಿಮೆ ಯಾರದು ಎಂದು ಕೇಳಿದ್ದೆವು. ನಿನ್ನೆ ಉತ್ತರ ಬಂತು. ಎರಡನೆಯ ಋತುವಿನಿಂದ ಸಂಬಳ ಕೊಡುವೆವೆಂದು ಒಂದು ಮೊತ್ತವನ್ನು ಬರೆದಿದ್ದಾರೆ. ತರಬೇತಿಗೆ ನಾಲ್ಕು ತಿಂಗಳು ಎಂದಿದ್ದಾರೆ. ಉಳಿದೆರಡನ್ನು ಬಂದ ಮೇಲೆ ಮಾತಾಡೋಣ ಎಂದು ಬಿಟ್ಟಿದ್ದಾರೆ. ಹುಡುಗನಿಗೆ ಹೊರಡುವ ಆತುರ. ವಿಮೆಯ ಕಾಗದ ಕೈಗೆ ಬರುವ ತನಕ ರೈಲು ಟಿಕೇಟು ತೆಗೆಯುವುದಿಲ್ಲವೆಂದು ತಾಯಿ ಹಟ ಹಿಡಿದಿದ್ದಾರೆ. ಎರಡನೆಯ ಪತ್ರವನ್ನು ಇಂದು ಬರೆದುಕೊಟ್ಟಿದ್ದೇವೆ.