ಉಪ್ಪು ತಾಳುವ ಕಾಂಡ್ಲಾವೂ ಒಣಗೀತು

ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ಬರಕ್ಕೆ ಸಾಯುತ್ತದೆಯೇ? 2015-16ರ ಎಲ್ ನಿನೋ ಕಾಲದಲ್ಲಿ ಉತ್ತರ ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ ಸುಮಾರು 1,000 ಕಿ.ಮೀ. ಉದ್ದಕ್ಕೆ 7,000 ಹೆಕ್ಟೇರಿಗೂ ಹೆಚ್ಚು ಕಾಂಡ್ಲಾಕಾಡು ಸತ್ತಿತು. ಮಳೆ ಕೈಕೊಟ್ಟಿತು, ಸೆಕೆ ಏರಿತು, ಕಡಲ ಮಟ್ಟವೂ ಕೆಲಕಾಲ ಇಳಿದು ಉಬ್ಬರದ ನೀರು ಬೇರಿಗೆ ಸಿಗಲಿಲ್ಲ. ಒಂದೊಂದನ್ನೇ ತಾಳಬಲ್ಲ ಗಿಡ ಮೂರನ್ನೂ ಒಟ್ಟಿಗೆ ತಾಳಲಿಲ್ಲ.

ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಅಳಿವೆಗಳಿಗೆ ಅಷ್ಟು ದೊಡ್ಡ ಪೆಟ್ಟು ಬಿದ್ದಿಲ್ಲ. ಆದರೆ 2016ರಲ್ಲಿ ಕೇರಳದ 14 ಜಿಲ್ಲೆಗಳೂ ಬರಪೀಡಿತವೆಂದು ಘೋಷಣೆಯಾದವು. ಹೊಳೆ ಬತ್ತಿದರೆ ಉಪ್ಪು ಮೇಲೇರುತ್ತದೆ. ಬಾವಿಕ್ಕೆರೆಯಲ್ಲಿ ಅಣೆಕಟ್ಟು ಆಗುವವರೆಗೆ ಕಾಸರಗೋಡಿನ ನಳ್ಳಿಗೆ ಬೇಸಗೆಯಲ್ಲಿ ಬರುತ್ತಿದ್ದ ಉಪ್ಪುನೀರು ನೆನಪಿದೆಯಲ್ಲ?

ಅಳಿವೆಯಲ್ಲಿ ಗಿಡ ನೆಟ್ಟರಷ್ಟೇ ಸಾಲದು. ಮಳೆ ನಿಂತೊಡನೆ ಮೇಲಿನ ತೋಡುಗಳಿಗೆ ಕಟ್ಟ ಕಟ್ಟೋಣ. ಅಲ್ಲಿ ಇಂಗಿದ ನೀರೇ ಬೇಸಗೆಯಲ್ಲಿ ಹೊಳೆಗೆ ಒಸರುವುದು.