ಹೊನ್ನಕ್ಕಿ ಕಂಡ ಬೆಳಗು



ಪ್ರತಿ ತಿಂಗಳೂ ಅಂಗಡಿ, ಲೆಕ್ಕ, ಉದ್ರಿ ಎಂದು ಬರೆಯುವವನು ಈ ಸಲ ಒಂದು ಹಕ್ಕಿಯ ವಿಷಯ ಬರೆಯುತ್ತಿದ್ದೇನೆ. ಬೇಸರಿಸಬಾರದು. ಮಾತು ಕೊನೆಗೆ ವ್ಯಾಪಾರಕ್ಕೇ ಬಂದು ಸೇರುತ್ತದೆ.

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳು ಬಳ್ಳಾರಿಯಿಂದ ರಜೆಗೆ ಬಂದಿದ್ದಳು. ಹತ್ತು ಹಕ್ಕಿಗಳನ್ನು ನೋಡಿ ಬರೆದು ತರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ. ಕಾಗೆ, ಗುಬ್ಬಿ, ಗಿಳಿ, ಗೊರವಂಕ, ಕಾಜಾಣ ಎಂದು ಮನೆಯ ಮಾಳಿಗೆಯ ಮೇಲಿನಿಂದಲೇ ಒಂಬತ್ತು ಬರೆದುಕೊಂಡಳು. ಹತ್ತನೆಯದಕ್ಕೆ ನನ್ನ ಬೆನ್ನು ಹತ್ತಿದಳು. ಆಸ್ಪರಿ ಎಂದರೆ ಗುಂತಕಲ್ಲಿನಿಂದ ಆದೋನಿಗೆ ಹೋಗುವ ರೈಲಿನಲ್ಲಿ ಬರುವ ಸಣ್ಣ ಊರು. ಸುತ್ತಲೂ ಕಪ್ಪು ನೆಲ, ಹತ್ತಿ, ಶೇಂಗಾ, ನಡುವೆ ಬೇವು, ಬಳ್ಳಾರಿ ಜಾಲಿ. ಇಲ್ಲಿ ಅಪರೂಪದ ಹಕ್ಕಿ ಎಲ್ಲಿಂದ ಬರಬೇಕು ಎಂದುಕೊಂಡೇ ಬೆಳಿಗ್ಗೆ ಅವಳನ್ನು ಊರಾಚೆಯ ಹಳೆಯ ಆಲದ ಮರದ ಕಡೆ ಕರೆದುಕೊಂಡು ಹೋದೆ.

ಮರದ ಕೆಳಗೆ ನಿಂತ ಸ್ವಲ್ಪ ಹೊತ್ತಿಗೆ, "ತಾತಾ, ಮ್ಯಾಲೆ ಯಾರೋ ಕೊಳಲು ಊದ್ತಾರೆ" ಎಂದಳು. ನನಗೂ ಕೇಳಿಸಿತು. ತುಂಬು ಕಂಠದ, ಮೃದುವಾದ, ಎರಡು ಮೂರು ಸ್ವರದ ಸಿಳ್ಳೆ. ಕತ್ತು ನೋಯುವವರೆಗೆ ನೋಡಿದರೂ ಏನೂ ಕಾಣಲಿಲ್ಲ. ಹಣ್ಣೆಲೆಯೊಂದು ಅಲುಗಿತು ಎಂದುಕೊಂಡೆ. ಆ ಎಲೆಯೇ ಹಾರಿ ಪಕ್ಕದ ಕೊಂಬೆಗೆ ಹೋಯಿತು! ಅಪರಂಜಿಯಂಥ ಹಳದಿ ಮೈ, ಕಪ್ಪು ರೆಕ್ಕೆ, ಗುಲಾಬಿ ಬಣ್ಣದ ಕೊಕ್ಕು, ಕಣ್ಣಿಗೆ ಕಾಡಿಗೆ ತೀಡಿದಂಥ ಗೆರೆ. ಹೊನ್ನಕ್ಕಿ. ಮೊಮ್ಮಗಳು ಕುಣಿದಾಡಿದಳು. ನಾನು ಮಾತ್ರ ಸುಮ್ಮನೆ ನಿಂತೆ. ಕಾರಣವನ್ನು ಮುಂದೆ ಹೇಳುತ್ತೇನೆ.

ನೋಡಬೇಕೆನ್ನುವವರಿಗೆ ಒಂದೆರಡು ಮಾತು. ಇದು ಗೊರವಂಕದಷ್ಟು ದೊಡ್ಡದು. ಇಷ್ಟು ಹೊಳೆಯುವ ಬಣ್ಣವಿದ್ದರೂ ನೆಲಕ್ಕೆ ಇಳಿಯುವುದು ಅಪರೂಪ, ಎಲೆಗಳ ನಡುವೆಯೇ ಇರುತ್ತದೆ. ಆದ್ದರಿಂದ ಕಣ್ಣಿಗಿಂತ ಮೊದಲು ಕಿವಿ ಕೊಡಬೇಕು. ನಮ್ಮ ಬಯಲುಸೀಮೆಗೆ ಹೆಚ್ಚಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಬಂದು, ಬೇಸಿಗೆ ಬಲಿಯುವ ಮುನ್ನ ಉತ್ತರಕ್ಕೆ ಹೊರಡುತ್ತದೆ. ಹೆಣ್ಣಿನ ಬಣ್ಣ ಹಸಿರು ಬೆರೆತ ಹಳದಿ, ಎದೆಯ ಮೇಲೆ ಸಣ್ಣ ಗೆರೆಗಳು. ಎಳೆಯ ಗಂಡೂ ಹಾಗೆಯೇ ಕಾಣುತ್ತದೆ. ತಲೆಯೆಲ್ಲ ಕಪ್ಪಾಗಿದ್ದರೆ ಅದು ಮಲೆನಾಡಿನ ಕಡೆ ಹೆಚ್ಚು ಕಾಣುವ ಬೇರೆ ಜಾತಿ. ಯುರೋಪಿನ ಹೊನ್ನಕ್ಕಿಯೂ ನಮ್ಮದೂ ಒಂದೇ ಎಂದು ಹಿಂದೆ ಎಣಿಸುತ್ತಿದ್ದರು, ಈಗ ಬೇರೆ ಬೇರೆ ಎನ್ನುತ್ತಾರೆ. ಕಣ್ಣಿನ ಕಪ್ಪುಗೆರೆ ಕಣ್ಣನ್ನು ದಾಟಿ ಹಿಂದಕ್ಕೂ ಸಾಗಿರುವುದು ನಮ್ಮದರ ಗುರುತು. ಗೂಡು ಕಟ್ಟುವಾಗ ಇದು ಕಾಜಾಣದ ಗೂಡಿರುವ ಮರವನ್ನೇ ಹುಡುಕುವುದುಂಟು. ಕಾಗೆ ಹದ್ದುಗಳನ್ನು ಕಾಜಾಣ ಹೆದರದೆ ಅಟ್ಟುತ್ತದಲ್ಲ, ಗಟ್ಟಿ ನೆರೆಯವರಿದ್ದರೆ ಮನೆಗೂ ಕ್ಷೇಮ.

ಇನ್ನು ನಾನು ಸುಮ್ಮನೆ ನಿಂತ ಕಾರಣ. ನನಗೆ ಆಗ ಹತ್ತು ವರ್ಷ. ದೀಪಾವಳಿಯ ನಿರ್ವಾಣಪೂಜೆಯ ದಿನ ಹಕ್ಕಿ ಹಿಡಿಯುವವನೊಬ್ಬ ನಮ್ಮ ದಲ್ಲಾಳಿ ಅಂಗಡಿಯ ಮುಂದೆ ಪಂಜರ ಇಳಿಸಿದ. ಆರು ಗಿಳಿ, ಒಂದು ಹಳದಿ ಹಕ್ಕಿ. ಜೀವದಯೆಯೆಂದು ಅಪ್ಪ ಐದು ರೂಪಾಯಿ ಕೊಟ್ಟು ಎಲ್ಲವನ್ನೂ ಬಿಡಿಸಿದರು. ಗಿಳಿಗಳು ಹಾರಿಹೋದವು. ಹಳದಿ ಹಕ್ಕಿಯ ರೆಕ್ಕೆಗೆ ಅಂಟು ಮೆತ್ತಿತ್ತು. ನನ್ನ ಅಂಗೈಯಲ್ಲಿಯೇ ಸಂಜೆಯೊಳಗೆ ಜೀವ ಬಿಟ್ಟಿತು.

ನಾಲ್ಕು ದಿನ ಕಳೆದ ಮೇಲೆ ಅವನು ಎರಡು ಪಂಜರ ಹೊತ್ತು ಬಂದ. "ಸಾವುಕಾರ್ರೇ, ನೀವು ತಗೊಂತೀರಂತ ಹಿಡ್ಕೊಂಡು ಬಂದೀನಿ" ಎಂದ. ಅಪ್ಪನ ಮುಖ ಬಾಡಿತು. ಬಹಳ ಹೊತ್ತು ಮಾತಾಡದೆ ಕುಳಿತಿದ್ದು, ಬೇಡವೆಂದು ಕಳುಹಿಸಿಬಿಟ್ಟರು. ನಾನು ಅತ್ತೆ. ಪಂಜರದಲ್ಲಿದ್ದವುಗಳ ಗತಿ ಏನು ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಎಷ್ಟೋ ವರ್ಷ ಅಪ್ಪ ಜಿಪುಣರೆಂದೇ ತಿಳಿದಿದ್ದೆ. ನಾನೇ ಗಾದಿಯ ಮೇಲೆ ಕುಳಿತಾಗ ತಿಳಿಯಿತು. ಗಿರಾಕಿ ಇದ್ದಲ್ಲಿಗೆ ಸರಕು ಬಂದೇ ಬರುತ್ತದೆ. ಮೊದಲ ಸಲ ನಾವು ಬಿಡಿಸಿದ್ದು ಏಳು ಹಕ್ಕಿ. ಎರಡನೆಯ ಸಲಕ್ಕೆ ಹಿಡಿಸಿದ್ದೂ ನಾವೇ.

ಹೋದ ವರ್ಷ ನೆಂಟರ ಮನೆಯ ಸಮಾರಂಭದಲ್ಲಿ ಹಕ್ಕಿಗಳನ್ನು ಕೊಂಡು ತಂದು ಬಿಡುವ ಏರ್ಪಾಡಾಗುತ್ತಿತ್ತು. ನಾನು ಬೇಡವೆಂದೆ. "ಜೀವದಯೆಗೆ ಅಡ್ಡ ಬರ್ತೀರೇನು?" ಎಂದು ಹಿರಿಯರೊಬ್ಬರು ಸಿಟ್ಟಾದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮಾತೆತ್ತಿ, ಗಿಳಿಯಂಥ ಕಾಡುಹಕ್ಕಿ ಹಿಡಿದು ಮಾರುವುದು ಅಪರಾಧವೆಂದೆ. ಅದಕ್ಕಿಂತ ಅಪ್ಪನ ಕಥೆಯೇ ಅವರಿಗೆ ನಾಟಿತು. ಪಂಜರ ತರಿಸಲಿಲ್ಲ. ಆದರೂ ಮನಸ್ಸಿನಲ್ಲೊಂದು ಮುಳ್ಳು ಉಳಿದಿದೆ. ಎದುರಿಗಿರುವ ಹಕ್ಕಿಯನ್ನು ನೋಡಿ ಬೇಡವೆನ್ನುವುದು ಸುಲಭವಲ್ಲ. ಅಪ್ಪ ಆ ದಿನ ರಾತ್ರಿ ಊಟ ಮಾಡಿರಲಿಲ್ಲವೆಂದು ಅವ್ವ ಹೇಳಿದ್ದು ನೆನಪಿದೆ.

ಆ ಹಣದಲ್ಲಿ ಏನು ಮಾಡಬಹುದು? ಆಲ, ಅರಳಿ, ಅತ್ತಿ, ಬಸರಿ ಮೊದಲಾದ ಪಂಚೋದುಂಬರಗಳನ್ನು ನಾವು ತಿನ್ನುವುದಿಲ್ಲ, ಅವುಗಳ ಒಳಗೆ ಸೂಕ್ಷ್ಮ ಜೀವಿಗಳಿರುತ್ತವೆಂದು ತ್ಯಾಗ ಮಾಡಿದ್ದೇವೆ. ನಾವು ಬಿಟ್ಟ ಆ ಹಣ್ಣುಗಳೇ ಹೊನ್ನಕ್ಕಿಗೆ ಆಹಾರ. ತಿನ್ನದಿದ್ದರೆ ಸಾಲದು, ಆ ಮರಗಳನ್ನು ಕಡಿಯದೆ ಉಳಿಸಬೇಕು, ಜಾಗವಿದ್ದಲ್ಲಿ ಒಂದು ಸಸಿ ನೆಟ್ಟು ನೀರು ಹಾಕಬೇಕು. ಯಾರನ್ನೂ ಹಿಡಿಸದೆ ಹಕ್ಕಿಗಳನ್ನು ಸಾಕುವ ದಾರಿ ಇದೊಂದೇ ಎಂದು ನನಗೆ ತೋರುತ್ತದೆ.

ಮೊಮ್ಮಗಳು ಹತ್ತನೆಯ ಸಾಲಿನಲ್ಲಿ ಹೊನ್ನಕ್ಕಿ ಎಂದು ಬರೆದು, ಮುಂದೆ "ಆಸ್ಪರಿ, ತಾತನ ಜೊತೆ" ಎಂದು ಸೇರಿಸಿದಳು. ಐವತ್ತು ವರ್ಷಗಳ ಮೇಲೆ ಆ ಬಣ್ಣವನ್ನು ನಾನು ಹಾರುತ್ತಿರುವಾಗ ಕಂಡೆ. ನಿಮ್ಮೂರಿನ ಆಲದ ಕೆಳಗೆ ನೀವೂ ಒಂದು ಬೆಳಿಗ್ಗೆ ಮಕ್ಕಳೊಂದಿಗೆ ನಿಂತು ನೋಡಿರಿ. ಕಂಡರೆ ಪತ್ರ ಬರೆಯಿರಿ.